ಕಾಗಿ ಮುಟ್ಟಲಿಲ್ಲ

ಧಾರವಾಡ
೨೨ ಫೆಬ್ರುವರಿ ೨೦೦೪

ಪ್ರಿಯ ಸುಕನ್ಯಾ,

"ಕತ್ತಲಲ್ಲಿಟ್ಟ ಮಾತು ಕೊಳೆಯುತ್ತದೆ, ಬೆಳಕಿಗೆ ಹಿಡಿದರೆ..." ಬೆಳಕಿಗೆ ಹಿಡಿದರೆ ಏನಾಗುತ್ತದೆ ಎಂದು ಬರೆದಿದ್ದೆ ನೀನು? ಹಾಸ್ಟೆಲಿನ ಗೋಡೆಪತ್ರಿಕೆಯಲ್ಲಿ ಹಸಿರು ಶಾಯಿಯಲ್ಲಿ ಬರೆದಿದ್ದ ನಿನ್ನದೇ ಸಾಲು. ಮೊಳೆಯುತ್ತದೆ ಎಂದಿತ್ತೋ, ಒಣಗುತ್ತದೆ ಎಂದಿತ್ತೋ, ಎಷ್ಟು ಜಗ್ಗಿದರೂ ಆ ತುದಿ ನೆನಪಿಗೆ ಬರುತ್ತಿಲ್ಲ. ನಿನಗೆ ನೆನಪಿದ್ದರೆ ಬರೆದು ತಿಳಿಸು. ಮೊದಲರ್ಧದ ಬಗ್ಗೆಯೂ ಈಗ ನನಗೆ ಅನುಮಾನವಿದೆ. ಕತ್ತಲಲ್ಲಿಟ್ಟದ್ದು ಕೊಳೆಯುತ್ತದೆ ಎಂದು ಇಪ್ಪತ್ತೆರಡರ ವಯಸ್ಸಿನಲ್ಲಿ ನಿನಗೆ ಯಾರು ಹೇಳಿದ್ದರು? ನಮ್ಮ ಅಜ್ಜಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕತ್ತಲಲ್ಲೇ ಇಡುತ್ತಿದ್ದಳು. ಹೊರಗೆ ತೆಗೆದ ಮೇಲೆಯೇ ಅದಕ್ಕೆ ಹುಳ ಬೀಳುತ್ತಿತ್ತು.

ಬೆನ್ನುನೋವು ಹೇಗಿದೆ? ಮೈಸೂರಿನಲ್ಲಿ ಈ ಸಲ ಚಳಿ ಹೆಚ್ಚಂತೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಉತ್ತರ ಬರೆಯದೆ ಇದ್ದುದಕ್ಕೆ ಸಿಟ್ಟಾಗಬೇಡ. ಸಂಸ್ಥೆಯ ವಾರ್ತಾಪತ್ರದಲ್ಲಿ ನನ್ನ ಹೆಸರು ನೋಡಿ ನೀನು ಅಭಿನಂದನೆ ಕಳಿಸಿದ್ದೆ. ಟ್ರಸ್ಟಿಗಳಲ್ಲಿ ಅದನ್ನು ಕೊನೆಯ ಪುಟದವರೆಗೆ ಓದುವವಳು ನೀನೊಬ್ಬಳೇ ಇರಬೇಕು. "ಪ್ರಶ್ನೆ ಕೇಳಿದ ಹುಡುಗಿ" ಎಂಬ ತಲೆಬರಹದ ಕೆಳಗೆ ನಾನು ಬರೆದುಕೊಟ್ಟ ವರದಿಯನ್ನೇ ಹಾಕಿದ್ದಾರೆ. ಹುಡುಗಿಯ ಹೆಸರು ಬದಲಿಸಿದ್ದಾರೆ. ಕೊನೆಯನ್ನೂ ಬದಲಿಸಿದ್ದಾರೆ ಎಂದು ಹೇಳಲಾರೆ. ಅದು ಅಚ್ಚಿಗೆ ಹೋದಾಗ ಕೊನೆ ಇನ್ನೂ ಆಗಿರಲಿಲ್ಲ. ನಿನ್ನ ಅಭಿನಂದನೆಯ ಕಾರ್ಡು ಮೇಜಿನ ಮೇಲೆ ನಿಂತುಕೊಂಡು ದಿನಾ ನನ್ನನ್ನು ನೋಡುತ್ತಿತ್ತು. ನಿನ್ನೆ ಅದನ್ನು ಮಗುಚಿ ಇಟ್ಟೆ. ಆಮೇಲೆ ಬರೆಯಲು ಧೈರ್ಯ ಬಂತು.

ಮೊದಲು ನಗುವ ಸುದ್ದಿ ಹೇಳಿಬಿಡುತ್ತೇನೆ. ಅತ್ತೆ ತೀರಿಕೊಂಡ ಮೇಲೆ ನನ್ನ ಮಧ್ಯಾಹ್ನಗಳು ಖಾಲಿಯಾದವು, ಕವಿತೆ ಓದಿ ಎಷ್ಟೆಂದು ತುಂಬಿಸಲಿ ಎಂದು ಎಂಎಸ್‌ಡಬ್ಲ್ಯು ಸೇರಿದೆ, ಇದೆಲ್ಲ ನಿನಗೆ ಗೊತ್ತು. ಕ್ಷೇತ್ರಕಾರ್ಯಕ್ಕೆ ಹುಬ್ಬಳ್ಳಿಯ ಈ ಸಂಸ್ಥೆಗೆ ಹೋಗು ಎಂದವಳೂ ನೀನೇ. ನಲವತ್ತೇಳರಲ್ಲಿ ಇಂಟರ್ನ್ ಆದೆ. ನನ್ನ ಮೇಲಿನವನು ಬಸವಕಿರಣ, ಇಪ್ಪತ್ತೆಂಟರ ಹುಡುಗ, ನನಗೆ ಮೊದಲ ದಿನವೇ ಹೇಳಿದ: "ಮೇಡಂ, ನೀವು ಬಂದದ್ದು ಭಾಳ ಛಲೋ ಆತು. ನಮ್ಮ ಹುಡುಗ್ಯಾರು ಜೀನ್ಸ್ ಹಾಕ್ಕೊಂಡು ಹೋದ್ರ ಹೆಡ್‌ಮಾಸ್ತರು ಗೇಟಿನ್ಯಾಗs ನಿಂದ್ರಸ್ತಾರ. ನಿಮ್ಮ ಇಳಕಲ್ ಸೀರಿ, ಕುಂಕಮ, ತಾಳಿ ನೋಡಿದ್ರ ಕುರ್ಚಿ ತರಸ್ತಾರ." ಹೀಗೆ ನನ್ನ ಎಂಎ ಪದವಿ, ಓದಿದ ಪುಸ್ತಕ ಎಲ್ಲ ಬದಿಗಿಟ್ಟು ನನ್ನ ಸೀರೆಯನ್ನು ಕೆಲಸಕ್ಕೆ ತೆಗೆದುಕೊಂಡರು.

ಪಾಠಕ್ಕೆ ಒಂದು ಏಪ್ರನ್ ಇದೆ. ಬಿಳಿ ಕಾಟನ್ ಬಟ್ಟೆ, ಅದರ ಮೇಲೆ ಗರ್ಭಕೋಶ, ಅಂಡಾಶಯ, ನಾಳಗಳನ್ನು ಬಣ್ಣದ ಬಟ್ಟೆಯಲ್ಲಿ ಕತ್ತರಿಸಿ ಹೊಲಿದಿದ್ದಾರೆ. ಅದನ್ನು ಸೀರೆಯ ಮೇಲೆ ಕಟ್ಟಿಕೊಂಡು, ಎಲ್ಲೆಲ್ಲಿ ಏನೇನಿದೆ ಎಂದು ಮೈಮೇಲೆಯೇ ತೋರಿಸಬೇಕು. ಮನೆಯಲ್ಲಿ ಕನ್ನಡಿಯ ಮುಂದೆ ಕಟ್ಟಿ ನೋಡುತ್ತಿದ್ದಾಗ ನಮ್ಮವರು ಬಂದರು. ಸ್ವಲ್ಪ ಹೊತ್ತು ನಿಂತು ನೋಡಿ, "ಇಷ್ಟ ವರ್ಷ ಒಳಗಿದ್ದದ್ದನ್ನ ಈಗ ಹೊರಗ ಹಾಕ್ಕೊಂಡು ಹೊಂಟೀ ಏನು?" ಎಂದರು.

ಶಾಲೆಗಳಲ್ಲಿ ಇದಕ್ಕೆ 'ಜೀವನ ಕೌಶಲ' ಎಂದು ಹೆಸರು. ಗರಗದ ಆಚೆಯ ಒಂದು ಊರಿನ ಹೈಸ್ಕೂಲಿಗೆ ಹೋಗಿದ್ದೆವು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಹೆಡ್‌ಮಾಸ್ತರರು ನಿಜಕ್ಕೂ ಕುರ್ಚಿ ತರಿಸಿದರು, ಚಹಾ ಕೊಟ್ಟರು. ಆಮೇಲೆ ದನಿ ತಗ್ಗಿಸಿ, "ಎಲ್ಲಾ ಹೇಳ್ರಿ ಮೇಡಂ, ಆ ಒಂದು ಶಬ್ದ ಅಷ್ಟ ಬಿಡ್ರಿ" ಎಂದರು.

"ಯಾವ ಶಬ್ದ ಸರ್?"

"ಅದನ್ನ ನಾ ಹೆಂಗ ಹೇಳ್ಲಿ?"

ಇಷ್ಟೇ ನಗು. ಇನ್ನು ಮುಂದಿನದನ್ನು ಕೂತುಕೊಂಡು ಓದು.

ನಮ್ಮ ಪಾಠ ಶುರುವಾಗುವ ಕ್ರಮ ಹೀಗಿದೆ. ಮುಟ್ಟಾಗುವುದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ ಎಂದು ಹುಡುಗಿಯರನ್ನೇ ಕೇಳಬೇಕು. ಅವರು ಹೇಳಿದ ಒಂದೊಂದು ಮಾತನ್ನೂ ಬೋರ್ಡಿನ ಮೇಲೆ ಬರೆಯಬೇಕು. ಹಾಗೆ ಬರೆಯುತ್ತ ಹೋದರೆ ಅವರ ನಾಚಿಕೆ ಕರಗುತ್ತದೆ. ಹೊರಗ ಕೂಡೋದು, ಕಡಿಗಿ ಆಗೋದು, ಕಾಗಿ ಮುಟ್ಟೋದು. ಹಾಸ್ಟೆಲಿನಲ್ಲಿ ನಾನು ಮೊದಲ ಸಲ "ಇವತ್ತ ನನಗ ಕಾಗಿ ಮುಟ್ಟೇದ" ಎಂದಾಗ ನೀನು ಓಡಿಹೋಗಿ ಕಿಟಕಿ ಮುಚ್ಚಿದ್ದೆ. ನಮ್ಮ ಕಡೆ ಸಣ್ಣ ಮಕ್ಕಳು, ಅವ್ವ ಯಾಕೆ ದೂರ ಕೂತಿದ್ದಾಳೆ ಎಂದು ಕೇಳಿದರೆ, ಕಾಗಿ ಮುಟ್ಟೇತಿ, ಅದಕ್ಕ ಮೈಲಿಗಿ ಎನ್ನುತ್ತಾರೆ. ಆ ಮಕ್ಕಳು ದೊಡ್ಡವರಾದ ಮೇಲೂ ಮಾತು ಹಾಗೇ ಉಳಿಯುತ್ತದೆ.

ಆದರೆ ನಮ್ಮ ಕಾಗೆಗೆ ಎರಡು ಕೆಲಸ. ಸತ್ತವರಿಗೆ ಮೂರನೇ ದಿನ ಅವರ ಇಷ್ಟದ ಅಡಿಗೆ ಮಾಡಿ ಎಡೆ ಇಟ್ಟಾಗ ಅದನ್ನೂ ಕಾಗೆಯೇ ಮುಟ್ಟಬೇಕು. ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಆಗ ಮನೆಯವರು ದೂರ ನಿಂತು, ಕೈ ಮುಗಿದು, ಒಬ್ಬೊಬ್ಬರಾಗಿ ಮಾತು ಕೊಡುತ್ತಾರೆ. ತಂಗಿಯ ಮದುವೆ ಮಾಡುತ್ತೇನೆ, ಹೊಲ ಮಾರುವುದಿಲ್ಲ, ಕುಡಿಯುವುದು ಬಿಡುತ್ತೇನೆ. ಸರಿಯಾದ ಮಾತು ಬಿದ್ದಾಗ ಕಾಗೆ ಇಳಿಯುತ್ತದೆ ಎಂದು ನಂಬಿಕೆ.

ದ್ರಾಕ್ಷಾಯಿಣಿ ಹತ್ತನೇತ್ತೆಯ ಹುಡುಗಿ. ಎತ್ತರ, ಕಪ್ಪು, ಎರಡು ಜಡೆಯನ್ನು ಮೇಲಕ್ಕೆ ಮಡಿಚಿ ಕಟ್ಟಿದ್ದಳು. ಮೊದಲೆರಡು ತರಗತಿಗಳಲ್ಲಿ ಅವಳು ಬಾಯಿ ತೆರೆಯಲಿಲ್ಲ. ಮೂರನೆಯದು ನವೆಂಬರಿನಲ್ಲಿ. ಆ ದಿನ ಗರ್ಭ ನಿಲ್ಲುವುದರ ಪಾಠ. ಮುಟ್ಟು ತಪ್ಪುವುದು ಅದರ ಮೊದಲ ಲಕ್ಷಣ ಎಂದು ನಾನು ಆಗಷ್ಟೇ ಹೇಳಿ ಮುಗಿಸಿದ್ದೆ. "ಏನ ಕೇಳಬೇಕಂದ್ರೂ ಕೇಳ್ರಿ, ಇಲ್ಲಿ ತಪ್ಪು ಪ್ರಶ್ನಿ ಅಂಬೋದು ಇಲ್ಲ" ಎಂದೆ. ಈ ವಾಕ್ಯವನ್ನು ಸಂಸ್ಥೆ ನಮಗೆ ಬಾಯಿಪಾಠ ಮಾಡಿಸಿದೆ. ದ್ರಾಕ್ಷಾಯಿಣಿ ಎದ್ದು ನಿಂತಳು.

"ಅಕ್ಕಾರ, ಕಾಗಿ ಮುಟ್ಟಲಿಲ್ಲಂದ್ರ ಏನ ಮಾಡಬೇಕ್ರಿ? ಎರಡು ತಿಂಗಳಾತು..."

ಅವಳ ಮಾತು ಮುಗಿಯಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬಳು, "ಅಯ್ಯ, ಯಾರದಲೇ?" ಎಂದಳು. ಇನ್ನೊಬ್ಬಳು, "ಎರಡಾದ್ರ ಇನ್ನ ಏಳು ಉಳೀತು" ಎಂದಳು. ಇಡೀ ಕೋಣೆ ನಕ್ಕಿತು. ಕಿಟಕಿಯ ಹೊರಗೆ ಗಂಡುಹುಡುಗರು ನಿಂತಿದ್ದರು. ಅವರನ್ನು ಓಡಿಸಬೇಕಾದ ಪಿ.ಟಿ. ಮಾಸ್ತರರೂ ಅವರ ಜೊತೆಯಲ್ಲೇ ನಿಂತು ಕೇಳುತ್ತಿದ್ದರು. ಹುಡುಗಿ ಕೂತುಬಿಟ್ಟಳು.

ತರಗತಿ ಮುಗಿದ ಮೇಲೆ ನೀರಿನ ಟಾಕಿಯ ಹತ್ತಿರ ಅವಳು ನನಗಾಗಿ ನಿಂತಿದ್ದಳು. ಅಲ್ಲಿ ಪೂರ್ತಿ ಹೇಳಿದಳು. ಗಣೇಶ ಚೌತಿಯ ಮುಂದೆ ಅವ್ವ ಕಾಮಾಲೆಯಾಗಿ ಸತ್ತಳು. ಮೂರನೇ ದಿನದ ಎಡೆಗೆ ಕಡಲೆಹಿಟ್ಟಿನ ಜುಣಕ ಮಾಡಬೇಕಿತ್ತು. ಅವ್ವನಿಗೆ ಮಗಳು ಮಾಡಿದ ಜುಣಕವೇ ಇಷ್ಟ. ಆ ದಿನ ಬೆಳಗಿನ ಜಾವ ಇವಳಿಗೆ ಮುಟ್ಟಾಯಿತು. ಹೇಳಿದರೆ ಹೊರಗೆ ಕೂಡಿಸುತ್ತಾರೆ, ಅತ್ತೆ ಮಾಡುತ್ತಾಳೆ, ಅತ್ತೆಯ ಕೈಯ ಅಡಿಗೆ ಅವ್ವ ಬದುಕಿದ್ದಾಗಲೂ ಉಣ್ಣುತ್ತಿರಲಿಲ್ಲ. ಹೇಳದೆ ಒಲೆಯ ಮುಂದೆ ಕೂತಳು. ತಾನೇ ಹೊತ್ತುಕೊಂಡು ಹೋಗಿ ಎಡೆ ಇಟ್ಟಳು.

"ಮಧ್ಯಾಹ್ನತನಾ ನಿಂತ್ವಿರಿ. ಕಾಗಿ ಗಿಡದಾಗs ಕುಂತಿತ್ತು, ಇಳೀಲಿಲ್ಲ. ಕಡೀಕ ಆಕಳಿಗೆ ತಿನ್ನಿಸಿದ್ರು. ನನಗ ಕಾಗಿ ಮುಟ್ಟಿತ್ತಂತ ಅಲ್ಲಿ ಕಾಗಿ ಮುಟ್ಟಲಿಲ್ಲೇನ್ರಿ ಅಕ್ಕಾರ? ನಮ್ಮವ್ವ ನನ್ನ ಸಲುವಾಗಿ ಉಪಾಸ ಹೋದ್ಲೇನ್ರಿ?"

ಸುಕನ್ಯಾ, ಬೋರ್ಡಿನ ಮೇಲಿನ ಅಷ್ಟೂ ಶಬ್ದಗಳಲ್ಲಿ ನಾನು ಕಲಿತ ವಿಜ್ಞಾನಕ್ಕೆ ನಿಜವಾಗಿ ಬೇಕಾಗಿದ್ದ ಪ್ರಶ್ನೆ ಅದೊಂದೇ. ಅದಕ್ಕೆ ನನ್ನ ಬಳಿ ಉತ್ತರವೂ ಇತ್ತು. "ಕಾಗಿಗೆ ಇದು ಯಾವದೂ ಗೊತ್ತಾಗೂದಿಲ್ಲ ತಂಗಿ. ಮಂದಿ ಗದ್ದಲಕ್ಕ ಅಂಜಿರಬೇಕು. ನಿಮ್ಮವ್ವಗ ನಿನ್ನ ಕೈ ಗೊತ್ತಿತ್ತು, ಅಷ್ಟ ಸಾಕು" ಎಂದೆ. ಅವಳು ಟಾಕಿಯ ನಳದ ಕೆಳಗೆ ಮುಖ ಒಡ್ಡಿ ತೊಳೆದುಕೊಂಡು, ಲಂಗದ ಅಂಚಿನಿಂದ ಒರೆಸಿಕೊಂಡಳು. "ಯಾರ ಮುಂದೂ ಹೇಳಬ್ಯಾಡ್ರಿ" ಎಂದಳು. "ಇಲ್ಲ" ಎಂದೆ. ಓಡಿಹೋದಳು. ಆ ಓಟವನ್ನು ನೋಡುತ್ತ, ನಲವತ್ತೇಳರಲ್ಲಿ ಒಂದು ಕೆಲಸ ಮಾಡಿದೆ ಎಂದುಕೊಂಡೆ. ಆ ಸಂಜೆಯೇ ಊರಿನ ಹೆಸರಿಲ್ಲದೆ ವರದಿ ಬರೆದೆ, ಎಡೆಯ ಮಾತು ಬಿಟ್ಟು ಬರೀ ಅವಳ ಧೈರ್ಯದ ಮಾತು. ನೀನು ಓದಿದ್ದು ಅದನ್ನೇ.

ಊರು ಓದಿದ್ದು ಬೇರೆ. ಅರ್ಧ ವಾಕ್ಯ ಸಾಕಾಯಿತು. ದ್ರಾಕ್ಷಾಯಿಣಿಗೆ ಎರಡು ತಿಂಗಳಾಗಿದೆ, ಧಾರವಾಡದಿಂದ ಬಂದ ಅಕ್ಕಾರ ಮುಂದೆ ಅವಳೇ ಎದ್ದು ನಿಂತು ಹೇಳಿದಳು, ಏನು ಮಾಡಬೇಕು ಎಂದು ಮದ್ದು ಕೇಳಿದಳು. ಅವಳ ಸೋದರತ್ತೆ ಹುಲಿಗೆವ್ವ, ಅಪ್ಪನ ಅಕ್ಕ, ಗಂಡ ಸತ್ತ ಮೇಲೆ ಅವರ ಮನೆಯಲ್ಲೇ ಇರುವವಳು, ಹುಡುಗಿಯನ್ನು ಒಂದು ದವಾಖಾನೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ಏನೂ ಇಲ್ಲ ಎಂದು ಬಂತು. ಅದರಿಂದ ಊರಿಗೆ ಇನ್ನೊಂದು ಸುದ್ದಿ ಸಿಕ್ಕಿತು. ದವಾಖಾನೆಗೆ ಹೋಗಿದ್ದಾರೆ ಎಂದರೆ ತೆಗೆಸಿಕೊಂಡೇ ಬಂದಿರಬೇಕು.

ಇದನ್ನೆಲ್ಲ ಹೆಡ್‌ಮಾಸ್ತರರು ಫೋನಿನಲ್ಲಿ ಹೇಳಿದರು. ಹುಡುಗಿ ಶಾಲೆಗೆ ಬರುತ್ತಿಲ್ಲ, ಸೋದರಮಾವನಿಗೆ ಕೊಡುವ ಮಾತು ನಡೆದಿದೆ, ನಿಮ್ಮಿಂದಲೇ ಇದೆಲ್ಲ ಆದದ್ದು ಎಂದರು. "ನಾ ಮೊದಲs ಹೇಳಿದ್ದೆ, ಆ ಶಬ್ದ ಬ್ಯಾಡಂತ." ನಾನು ಯಾವ ಶಬ್ದವನ್ನೂ ಆಡಿರಲಿಲ್ಲ. ಆದರೆ ಅವರೊಂದಿಗೆ ವಾದಿಸಿ ಪ್ರಯೋಜನವಿರಲಿಲ್ಲ.

ಬಸವಕಿರಣ ಹೋಗಬೇಡಿ ಎಂದ. ಕೆಟ್ಟವನಲ್ಲ ಅವನು. "ಮೇಡಂ, ಹುಡುಗ್ಯಾರು ಹೇಳಿದ್ದು ನಮ್ಮ ಹಂತ್ಯಾಕs ಇರಬೇಕು, ಅದು ನಮ್ಮ ನಿಯಮ. ಮನೀತನಾ ಹೋದ್ರ ಎಲ್ಲಾ ಕೆಡತೇತಿ. ಅವರಪ್ಪ ಏನಂತಾನ ಅಂತ ಮೊದಲ ತಿಳಕೊಳ್ಳೂಣು, ಒಂದ ವಾರ ತಡೀರಿ."

"ಒಂದು ವಾರದಾಗ ಅಕ್ಕಿಕಾಳ ಹಾಕಿ ಬಿಡ್ತಾರ" ಎಂದೆ. ಶಾಲೆಗಳ ಅನುಮತಿ ತಪ್ಪೀತೆಂದು ಅಂಜುತ್ತಿದ್ದೀಯಾ ಎಂದೂ ಅಂದೆ. ಅವನು ಕೆಂಪಾದ. ನಾನು ಮರುದಿನ ಒಬ್ಬಳೇ ಬಸ್ಸು ಹತ್ತಿದೆ.

ಮನೆ ಊರಿನ ಅಂಚಿನಲ್ಲಿತ್ತು. ಪಡಸಾಲೆಯಲ್ಲಿ ಮೂವರು ಕೂತಿದ್ದರು. ಅಪ್ಪ ಗುರುಶಿದ್ದಪ್ಪ, ತೆಳ್ಳಗಿನ ಮನುಷ್ಯ, ಗಡ್ಡ ಬಿಟ್ಟಿದ್ದ. ಹುಲಿಗೆವ್ವ ಕಂಬಕ್ಕೆ ಒರಗಿದ್ದಳು. ಸತ್ತವಳ ತಮ್ಮ ದುರ್ಗೇಶ, ಹುಬ್ಬಳ್ಳಿಯ ಗಬ್ಬೂರಿನವನು, ಬೈಪಾಸಿನಲ್ಲಿ ಟೆಂಪೊ ಹೊಡೆಯುವವನು, ಮೂವತ್ತು ದಾಟಿರಬೇಕು, ಬಾಗಿಲ ಹತ್ತಿರ ಮೊಬೈಲು ತಿರುವುತ್ತ ಕೂತಿದ್ದ. ನಾನು ಸಂಸ್ಥೆಯವಳು ಎಂದೊಡನೆ ಹುಲಿಗೆವ್ವ, "ಬರ್ರಿ, ನೀವs ಏನು ಆಕಿ? ನಮ್ಮ ಮನಿ ಮಾನ ಬೋರ್ಡಿನ ಮ್ಯಾಲೆ ಬರದಾಕಿ?" ಎಂದಳು.

ಗುರುಶಿದ್ದಪ್ಪ ಅವಳನ್ನು ತಡೆದ. "ಸುಮ್ನಿರಬೇ ಅಕ್ಕಾ." ನನಗೆ ಚಾಪೆ ಹಾಸಿದ. ಅವನು ಹೇಳಿದ್ದನ್ನು ನೀನು ಚೆನ್ನಾಗಿ ಕೇಳಿಸಿಕೊಳ್ಳಬೇಕು ಸುಕನ್ಯಾ, ಯಾಕೆಂದರೆ ನಾನು ಕೇಳಿಸಿಕೊಳ್ಳಲಿಲ್ಲ.

"ಊರು ಏನರೇ ಅನ್ಕೋಲಿ ಅಕ್ಕಾರ. ನಾ ಇಕಿ ಅವ್ವಗ ಮಾತ ಕೊಟ್ಟೇನಿ. ಎಡಿ ಇಟ್ಟಾಗ ಕಾಗಿ ಇಳೀಲಿಲ್ಲ. ಎಲ್ಲಾರೂ ಏನೇನೋ ಅಂದ್ರು, ಇಳೀಲಿಲ್ಲ. ನಾ ಹೋಗಿ ನಿಂತು, ಮಗಳನ್ನ ಟಿಸಿಎಚ್ ಮಾಡಿಸಿ ಟೀಚರ್ ಮಾಡ್ತೇನಿ, ಅಲ್ಲೀತನಾ ಲಗ್ನದ ಮಾತು ಎತ್ತಂಗಿಲ್ಲ ಅಂದೆ. ಆಕಿದು ಅದs ಆಶಾ ಇತ್ತು. ಆದ್ರೂ ಇಳೀಲಿಲ್ಲ. ಬದುಕಿದ್ದಾಗ ಆಕಿ ಮಾತ ಒಂದೂ ಕೇಳಿದಾಂವ ಅಲ್ಲ ನಾನು. ನಂಬವಲ್ಲಳು. ಮಾಡಿ ತೋರಿಸಬೇಕು. ಇಕಿ ಪರೀಕ್ಷಾ ಬರೀತಾಳ."

"ಊರ ಮಂದಿ ಮುಖದ ಮ್ಯಾಲೆ ಉಗಳಾಕತ್ತೇತಿ, ಇವ ಟಿಸಿಎಚ್ ಅಂತಾನ" ಎಂದಳು ಹುಲಿಗೆವ್ವ. "ಇಂಥಾಕಿನ್ನ ದುರ್ಗೇಶ ಆಗಿದ್ದಕ್ಕ ಕಟಗೊಳ್ಳಾಕ ತಯಾರಾಗ್ಯಾನ. ಮತ್ತೊಬ್ಬ ಆಗಿದ್ರ ಹಾದೀಲೆ ಹೋಗ್ತಿದ್ದಿಲ್ಲ. ಬಸರ ಇಳಿಸಿಕೊಂಡಾಕಿಗೆ ಸಾಲಿ ಬ್ಯಾರೆ."

ನಾನು ಅಲ್ಲಿಗೇ ಎದ್ದು ನಮಸ್ಕಾರ ಮಾಡಿ ಬಂದಿದ್ದರೆ ಸಾಕಿತ್ತು. ಅಪ್ಪ ಗಟ್ಟಿಯಾಗಿ ನಿಂತಿದ್ದ. ಏಪ್ರಿಲಿನವರೆಗೆ ನಿಲ್ಲುತ್ತಿದ್ದ. ಆದರೆ ಆ ಹೆಂಗಸಿನ ಬಾಯಿ ಮುಚ್ಚಿಸಬೇಕು ಎನಿಸಿತು. ಸತ್ಯ ನನ್ನ ಹತ್ತಿರವಿತ್ತು, ಪೂರ್ತಿ ವಾಕ್ಯ ಕೇಳಿದವಳು ನಾನೊಬ್ಬಳೇ. ಬಸಿರಿನ ಕಳಂಕದ ಮುಂದೆ ಇದೇನು ಮಹಾ ಗುಟ್ಟು ಎಂದುಕೊಂಡೆ.

"ಆಕಿ ಬಸರಿನ ಮಾತs ಆಡಿಲ್ಲ" ಎಂದು ಶುರುಮಾಡಿದೆ.

ಆಗ ಅಡಿಗೆಮನೆಯ ಬಾಗಿಲಲ್ಲಿ ದ್ರಾಕ್ಷಾಯಿಣಿ ಕಂಡಳು. ನನ್ನನ್ನೇ ನೋಡುತ್ತ ತಲೆಯಾಡಿಸಿದಳು. ಸಣ್ಣಗೆ, ಬೇಡ ಬೇಡ ಎಂದು. ನಾನು ಅದನ್ನು ನಾಚಿಕೆ ಎಂದುಕೊಂಡೆ. ಧೈರ್ಯ ಕೊಡಲೆಂದು ಅವಳನ್ನು ನೋಡಿ ನಕ್ಕೆ ಕೂಡ. ನಗುತ್ತಲೇ ಎಲ್ಲ ಹೇಳಿದೆ. ಕಾಗೆ ಎಂದರೆ ಯಾವ ಕಾಗೆ, ಎರಡು ತಿಂಗಳು ಎಂದರೆ ಯಾವ ಎರಡು ತಿಂಗಳು, ಅವಳು ಯಾಕೆ ಮುಚ್ಚಿಟ್ಟಳು, ಯಾಕೆ ತಾನೇ ಜುಣಕ ಮಾಡಿದಳು, ಎಷ್ಟು ನೊಂದಿದ್ದಾಳೆ. ಚೆನ್ನಾಗಿಯೇ ಹೇಳಿದೆ. ನಾನು ಮಾತಾಡಿದರೆ ಕೇಳುವಂತಿರುತ್ತದೆ ಎಂದು ನೀನೇ ಹಿಂದೆ ಹೇಳುತ್ತಿದ್ದೆ.

ದುರ್ಗೇಶ ಮೊಬೈಲು ಕೆಳಗಿಟ್ಟ. ಗುರುಶಿದ್ದಪ್ಪ ಮಗಳ ಕಡೆ ತಿರುಗಿ, "ಖರೇನ? ಅವತ್ತ ನೀ ಹೊರಗಿದ್ದೇನು?" ಎಂದ. ಅವಳು ನಿಂತಲ್ಲೇ ಕೂತಳು. ಅದೇ ಉತ್ತರ.

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಏನಾದರೂ ಹೇಳಬಹುದಿತ್ತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಸಮಾಧಾನದ ಅಳು ಅದು, ದೊಡ್ಡ ಗಂಡಸು ಮಗುವಿನಂತೆ ಅಳುತ್ತಿದ್ದ. "ಅಂದ್ರ ಆಕಿ ನನ್ನ ಮ್ಯಾಲಿನ ಸಿಟ್ಟಿಗೆ ಬರಲಾರದs ಹ್ವಾದದ್ದಲ್ಲ. ಮೈಲಿಗೀಗೆ ಬರಲಿಲ್ಲ. ನಾ ಎರಡ ಮೂರ ತಿಂಗಳಿಂದ ನಿದ್ದಿ ಮಾಡಿಲ್ಲರಿ ಅಕ್ಕಾರ. ನೀವು ಬಂದು ನನ್ನ ಎದಿ ಭಾರ ಇಳಿಸಿದ್ರಿ." ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದೆ.

ಹುಲಿಗೆವ್ವ ಮಾತ್ರ ಲೆಕ್ಕ ತಪ್ಪಲಿಲ್ಲ. "ಹಂಗಾದ್ರ ಆ ಮಾತೂ ಕೂಡಂಗಿಲ್ಲ" ಎಂದಳು, ಸಣ್ಣ ದನಿಯಲ್ಲಿ. "ಮೈಲಿಗಿ ಎಡಿ ಮುಂದ ಕೊಟ್ಟ ಮಾತು ಯಾವ ಮಾತೋ ತಮ್ಮಾ? ಆಕಿ ಅಲ್ಲಿ ಬಂದs ಇಲ್ಲ. ಕೇಳಿದಾರರೇ ಯಾರು?"

ಗುರುಶಿದ್ದಪ್ಪ ಒಪ್ಪಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅವನ ಮುಖದ ಮೇಲೆ ಇದ್ದದ್ದು ಬಹಳ ದಿನದ ಮೇಲೆ ನಿದ್ದೆ ಬರುತ್ತಿರುವವನ ಕಳೆ. ನನಗೆ ಆಗ ತಿಳಿಯಿತು. ಹುಡುಗಿಯನ್ನು ಶಾಲೆಯಲ್ಲಿ ಉಳಿಸಿದ್ದು ಆ ಇಳಿಯದ ಕಾಗೆ. ಹೆಂಡತಿ ಇನ್ನೂ ಒಪ್ಪಿಲ್ಲ ಎಂಬ ಅವನ ಭಯವೇ ಮಗಳಿಗೆ ಫೀ, ಪುಸ್ತಕ, ಪರೀಕ್ಷೆ ಎಲ್ಲವೂ ಆಗಿತ್ತು. ಆ ಭಯವನ್ನು ನಾನು ಧಾರವಾಡದಿಂದ ಬಸ್ಸು ಹತ್ತಿ ಹೋಗಿ ತೆಗೆದುಬಂದೆ. ಅವಳಿಗೆ ಅದು ಗೊತ್ತಿತ್ತು. ಅದಕ್ಕೇ ತಲೆಯಾಡಿಸಿದ್ದಳು.

"ಇದೆಲ್ಲಾ ಸುಳ್ಳು ನಂಬಿಕಿ, ಕಾಗಿಗೂ ಮುಟ್ಟಿಗೂ ಸಂಬಂಧ ಇಲ್ಲ" ಎಂದು ನಾನು ಶುರುಮಾಡಿದೆ.

ದುರ್ಗೇಶ ಮೊದಲ ಸಲ ಬಾಯಿ ತೆರೆದ. "ಸಂಬಂಧ ಇಲ್ಲಂದ್ರ ಆ ಮಾತಿಗೂ ಸಂಬಂಧ ಇಲ್ಲಲ್ರಿ. ಕಾಗಿ ಸುಳ್ಳಾದ್ರ ಕಾಗಿ ಮುಂದ ಕೊಟ್ಟ ವಚನಾನೂ ಸುಳ್ಳs." ಅವನು ಅದನ್ನು ಗೆದ್ದ ದನಿಯಲ್ಲಿ ಹೇಳಲಿಲ್ಲ, ನನಗೆ ಸಹಾಯ ಮಾಡುವವನಂತೆ ಹೇಳಿದ.

ನಾನು ಹೊರಡುವಾಗ ಹುಲಿಗೆವ್ವ ಒಳಗೆ ಹೋಗಿ ಹುಡುಗಿಗೆ ಹೇಳುತ್ತಿದ್ದುದು ಅಂಗಳದವರೆಗೆ ಕೇಳಿಸಿತು. "ಹಡದಾಕಿನ್ನ ಉಪಾಸ ಕಳಿಸಿದಿ. ಏಳು, ಒಲಿ ಹಂತ್ಯಾಕ ಬರಬ್ಯಾಡ ನೀ."

ಸಂಕ್ರಾಂತಿ ಆದ ಮೇಲೆ ಮದುವೆಯಾಯಿತು, ಗಬ್ಬೂರಿನಲ್ಲಿ, ದುರ್ಗೇಶನ ಮನೆಯ ಮುಂದೆ. ಅದಕ್ಕೆ ಮೊದಲು ನಾನು ಒಂದು ಕಚೇರಿಗೆ ಹೋಗಿ, ಹುಡುಗಿಗೆ ಹದಿನೈದು, ಇದು ಕಾನೂನಿಗೆ ವಿರುದ್ಧ ಎಂದು ಹೇಳಿದೆ. ಅಲ್ಲಿದ್ದವರು, "ವರ ಯಾರ್ರಿ? ಸೋದರಮಾವ? ಹಂಗಾದ್ರ ಮನಿಯಾಗಿನ ಮಾತಾತಲ್ಲ" ಎಂದರು. ದೂರನ್ನು ತೆಗೆದುಕೊಂಡರು. ಕಚೇರಿಯಿಂದ ಯಾರೋ ಒಬ್ಬರು ಮದುವೆಗೆ ಹೋಗಿ ಊಟ ಮಾಡಿ ಬಂದರು ಎಂದು ಆಮೇಲೆ ಕೇಳಿದೆ. ವಾರ್ತಾಪತ್ರ ಬಂದ ದಿನ ಬಸವಕಿರಣ ಅದರ ಒಂದು ಪ್ರತಿಯನ್ನು ನನ್ನ ಮೇಜಿನ ಮೇಲೆ ಇಟ್ಟು, ತಲೆ ಎತ್ತದೆ ಹೋದ. ಆ ಹೈಸ್ಕೂಲು ನಮಗೆ ಮತ್ತೆ ಬಾಗಿಲು ತೆರೆಯಲಿಲ್ಲ. ಉಳಿದ ಶಾಲೆಗಳಲ್ಲಿ ನಡೆದಿದೆ. ಈಗಲೂ ಏಪ್ರನ್ ಕಟ್ಟಿಕೊಳ್ಳುತ್ತೇನೆ, ನಾಳಗಳನ್ನು ತೋರಿಸುತ್ತೇನೆ, ತಪ್ಪು ಪ್ರಶ್ನೆ ಎಂಬುದಿಲ್ಲ ಎನ್ನುವ ಕಡೆ ಬಂದಾಗ ನೀರು ಕುಡಿಯುತ್ತೇನೆ.

ಕ್ಷೇತ್ರಕಾರ್ಯಕ್ಕೆ ನನಗೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂದಿದೆ. ಮನೆಭೇಟಿ ಎಂಬ ಕಾಲಮ್ಮಿನಲ್ಲಿ ಪೂರ್ತಿ ಅಂಕ.

ನಮ್ಮವರಿಗೆ ಎಲ್ಲ ಹೇಳಿದೆ. ಅವರು ಪೇಪರು ಮಡಿಚಿಟ್ಟು, "ನೀ ಹೇಳಿದ್ದು ಸುಳ್ಳಲ್ಲ ಅಲ್ಲ?" ಎಂದರು. ಸುಳ್ಳಲ್ಲ ಎಂದೆ. "ಮತ್ತ್ಯಾಕ?" ಎಂದು ಮತ್ತೆ ಪೇಪರು ಬಿಡಿಸಿದರು. ಒಳ್ಳೆಯ ಮನುಷ್ಯ. ಅವರೊಂದಿಗೆ ಇಪ್ಪತ್ತೈದು ವರ್ಷ ಕಳೆದದ್ದು ಇಂಥ ಪ್ರಶ್ನೆಗಳ ನೆರಳಿನಲ್ಲೇ.

ನಿನ್ನನ್ನು ನೋಯಿಸಲೆಂದು ಇದನ್ನು ಬರೆಯಲಿಲ್ಲ. ಆದರೆ ನೀನು ಟ್ರಸ್ಟಿ, ನಿನಗೆ ಅಚ್ಚಾದದ್ದು ಮಾತ್ರ ಗೊತ್ತಿದ್ದರೆ ಸಾಲದು. ನಿನ್ನ ಮಗಳಿಗೆ ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ಗಟ್ಟಿಮುಟ್ಟಾಗಿರಲಿ ಎಂದು ನಾನು ದಿನಾ ನೆನೆಯುತ್ತೇನೆ. ಬಾಣಂತಿಗೆ ಅಂಟಿನುಂಡಿ ಮಾಡಿ ಕಳಿಸುತ್ತೇನೆ, ಬೇಡ ಎನ್ನಬೇಡ. ನೀನು ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊ. ಯಜಮಾನರಿಗೆ ನನ್ನ ನಮಸ್ಕಾರ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ.

ಎಂದೂ ನಿನ್ನವಳು,
ರಾಜೇಶ್ವರಿ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಕಳೆದ ವಾರ ನಾನು ಗಬ್ಬೂರಿಗೆ ಹೋಗಿದ್ದೆ. ಹತ್ತನೇತ್ತೆಯನ್ನು ಖಾಸಗಿಯಾಗಿ ಕಟ್ಟಬಹುದು ಎಂದು ಹುಡುಗಿಗೆ ಹೇಳಿ ಬರೋಣ ಎಂದುಕೊಂಡಿದ್ದೆ. ಬೈಪಾಸಿನ ಹತ್ತಿರದ ಸಾಲುಮನೆಗಳಲ್ಲಿ ಅವಳದು ಮೂಲೆಯದು. ದ್ರಾಕ್ಷಾಯಿಣಿ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು, ಕೈತುಂಬ ಹಸಿರು ಬಳೆ. ನನ್ನನ್ನು ಗುರುತಿಸಿದಳು. ಮೊರ ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು. ನಾನು ಎರಡು ಸಲ ಹೆಸರು ಹಿಡಿದು ಕರೆದೆ. ಒಳಗಿಂದ ಬಳೆಯ ಸದ್ದೂ ಬರಲಿಲ್ಲ.

ಪಕ್ಕದ ಮನೆಯ ಶೇವಂತೆವ್ವ ಎಂಬ ಹೆಂಗಸು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಅವಳು ಬೈಯಲಿಲ್ಲ. ಬಹಳ ಮರ್ಯಾದೆಯಿಂದ ನನ್ನನ್ನು ತನ್ನ ಬಾಗಿಲಿಗೆ ಕರೆದು, ದನಿ ತಗ್ಗಿಸಿ ಹೇಳಿದಳು:

"ಅಕ್ಕಾರ, ನೀವs ಅಲ್ಲೇನ್ರಿ? ಹುಲಿಗೆವ್ವ ಲಗ್ನದಾಗ ನಿಮ್ಮ ಸುದ್ದಿ ಭಾಳ ಹೇಳಿದ್ಲು. ಮನ್ಯಾಗ ಬಡದು ಕೇಳಿದ್ರೂ ಬಾಯಿ ಬಿಡಲಾರದ ಹುಡುಗಿ ನಿಮ್ಮ ಮುಂದ ಎಲ್ಲಾ ಹೇಳಿದ್ಲಂತ, ನೀವು ಮನೀತನಾ ಬಂದು ಮುಟ್ಟಿಸಿದ್ರಂತ. ನಮ್ಮಾಕೀನೂ ಒಂಬತ್ತನೇತ್ತೆ ಅದಾಳ್ರಿ. ಸಾಲಿಯಿಂದ ಬರೂದು ಹೊತ್ತಾಗಾಕತ್ತೇತಿ, ಕೇಳಿದ್ರ ಗ್ವಾಡಿ ನೋಡ್ತಾಳ. ಒಳಗ ಬರ್ರಿ, ಚಾ ಮಾಡ್ತೇನಿ. ನೀವು ಸಮಾಧಾನಲೆ ಕೇಳ್ರಿ, ನಿಮ್ಮ ಮಾರಿ ನೋಡಿದ್ರ ಹೇಳ್ತಾಳ. ಆಮ್ಯಾಲೆ ನನಗಷ್ಟ ಹೇಳಿ ಹೋಗ್ರಿ, ಅವರಪ್ಪಗ ನಾ ಹೇಳ್ಕೋತೇನಿ."